ಕಡಿಮೆ ಕಮಿಷನ್ನಿನ ಮನೆಯನ್ನು ನಿಮ್ಮ ಏಜೆಂಟ್ ತೋರಿಸಬೇಕೆ?

ಅಮೆರಿಕದಲ್ಲಿ ಮನೆ ಹುಡುಕುವವರಿಗೆ ಆಗಾಗ ಎದುರಾಗುವ ಪ್ರಸಂಗ ಇದು. ಝಿಲೋ, ರೆಡ್‌ಫಿನ್‌ನಂಥ ಮನೆ ಹುಡುಕುವ ವೆಬ್‌ಸೈಟಿನಲ್ಲಿ ಒಂದು ಮನೆ ಕಣ್ಣಿಗೆ ಬೀಳುತ್ತದೆ. ಬಜೆಟ್ಟಿಗೆ ಹೊಂದುತ್ತದೆ, ಶಾಲೆ ಹತ್ತಿರ, ಬಾಗಿಲು ಪೂರ್ವಕ್ಕೆ. ಆದರೆ ಏಜೆಂಟ್ ಕಳಿಸಿದ ಪಟ್ಟಿಯಲ್ಲಿ ಆ ಮನೆಯೇ ಇಲ್ಲ. ಕೇಳಿದರೆ, "ಅದು ಬೇಡ ಬಿಡಿ, ಮಾರೋರ ಕಡೆ ಸರಿಯಾದ ಏಜೆಂಟ್ ಇಲ್ಲ, ಸುಮ್ನೆ ತಲೆನೋವು" ಎಂಬ ಉತ್ತರ ಬರುತ್ತದೆ.

ಈ ಉತ್ತರ ಕೆಲವೊಮ್ಮೆ ನಿಜ. ಅಗ್ಗದ ಬ್ರೋಕರೇಜ್ ಮೂಲಕ ಮಾರಾಟಕ್ಕೆ ಬಂದ ಮನೆಯ ವ್ಯವಹಾರದಲ್ಲಿ ಕೆಲಸ ಹೆಚ್ಚು, ಎಡವಟ್ಟೂ ಹೆಚ್ಚು. ಆದರೆ ಹಲವು ಸಲ ಅದರ ಹಿಂದಿರುವುದು ಬೇರೆಯೇ ಲೆಕ್ಕ: ಆ ಮನೆಯಲ್ಲಿ ಏಜೆಂಟ್‌ಗೆ ಸಿಗುವ ದುಡ್ಡು ಕಡಿಮೆ. ತೋರಿಸಬೇಕೆ ಬೇಡವೆ ಎಂದು ತೀರ್ಮಾನಿಸುವ ಹಕ್ಕು ಕೊಳ್ಳುವವರದು, ಏಜೆಂಟ್‌ನದಲ್ಲ. ಏಜೆಂಟ್ ಮಾಡಬೇಕಾದದ್ದು ಮನೆಯನ್ನು ಮುಂದಿಟ್ಟು, ಅದರ ಜೊತೆಗಿರುವ ಹಣದ ಕೊರತೆಯನ್ನೂ ತೊಡಕುಗಳನ್ನೂ ಬಿಡಿಸಿ ಹೇಳುವುದು. 2024ರ ಆಗಸ್ಟ್ ನಂತರದ ನಿಯಮಗಳು ಇದನ್ನು ಇನ್ನಷ್ಟು ಖಚಿತಪಡಿಸಿವೆ. ಹೇಗೆ ಎಂದು ತಿಳಿಯಲು ಮೊದಲು ಹಣ ಹರಿಯುವ ದಾರಿ ನೋಡಬೇಕು.

ಯಾರ ಕಮಿಷನ್, ಯಾರ ಜೇಬಿನಿಂದ

ಬೆಂಗಳೂರಿನಲ್ಲಿ ಸೈಟೋ ಮನೆಯೋ ಮಾರಾಟವಾದರೆ ಕೊಳ್ಳುವವರು, ಮಾರುವವರು ತಂತಮ್ಮ ಬ್ರೋಕರ್‌ಗೆ ಸಾಮಾನ್ಯವಾಗಿ ಒಂದೆರಡು ಪರ್ಸೆಂಟ್ ಕೈಯಾರೆ ಕೊಡುತ್ತಾರೆ. ಅಮೆರಿಕದಲ್ಲಿ ದಶಕಗಳ ಕಾಲ ಪದ್ಧತಿ ಬೇರೆ ಇತ್ತು. ಮಾರುವವರು ಬೆಲೆಯ 5ರಿಂದ 6 ಪರ್ಸೆಂಟನ್ನು ತಮ್ಮ ಲಿಸ್ಟಿಂಗ್ ಬ್ರೋಕರ್‌ಗೆ, ಅಂದರೆ ಮನೆಯನ್ನು ಮಾರಾಟಕ್ಕೆ ಇಡುವ ತಮ್ಮ ಕಡೆಯ ಬ್ರೋಕರ್‌ಗೆ, ಕೊಡಲು ಒಪ್ಪಿಕೊಳ್ಳುತ್ತಿದ್ದರು. ಆ ಬ್ರೋಕರ್ ಅದರಲ್ಲಿ ಅರ್ಧದಷ್ಟನ್ನು ಕೊಳ್ಳುವವರನ್ನು ಕರೆತಂದ ಏಜೆಂಟ್‌ಗೆ ಹಂಚುತ್ತಿದ್ದರು. ಎಷ್ಟು ಕೊಡುತ್ತೇವೆ ಎಂಬುದು ಎಂಎಲ್‌ಎಸ್‌ನಲ್ಲಿ, ಅಂದರೆ ಬ್ರೋಕರ್‌ಗಳು ಸೇರಿ ನಡೆಸುವ ಮನೆಗಳ ದತ್ತಾಂಶ ಕೋಶದಲ್ಲಿ, ಪ್ರತಿ ಮನೆಯ ಪಕ್ಕದಲ್ಲೇ ನಮೂದಾಗಿರುತ್ತಿತ್ತು. ಆ ಅಂಕಣ ಏಜೆಂಟ್‌ಗಳಿಗೆ ಕಾಣುತ್ತಿತ್ತು. ಕೊಳ್ಳುವವರಿಗೆ ಬಹುಕಾಲ ಕಾಣುತ್ತಿರಲಿಲ್ಲ. "ನನ್ನ ಸೇವೆ ನಿಮಗೆ ಫ್ರೀ" ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಫ್ರೀ ಏನೂ ಇರಲಿಲ್ಲ, ಬೆಲೆಯೊಳಗೆ ಸೇರಿಕೊಂಡಿತ್ತು ಅಷ್ಟೆ.

ಅಗ್ಗದ ಬ್ರೋಕರೇಜ್‌ಗಳು ಕೈ ಹಾಕಿದ್ದು ಈ ಜಾಗಕ್ಕೆ. ಅವುಗಳಲ್ಲಿ ಎರಡು ಜಾತಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಒಂದು, ಪೂರ್ಣ ಸೇವೆಯನ್ನೇ ಕಡಿಮೆ ದರಕ್ಕೆ ಕೊಡುವವರು. ಸಿಯಾಟಲ್‌ನಲ್ಲಿ 2004ರಲ್ಲಿ ಹುಟ್ಟಿದ ರೆಡ್‌ಫಿನ್ ಮಾರುವವರ ಕಡೆಯ ಶುಲ್ಕವನ್ನು 1–1.5 ಪರ್ಸೆಂಟಿಗೆ ಇಳಿಸಿ ಹೆಸರು ಮಾಡಿತು. ಇಲ್ಲಿ ಮಾರುವವರ ಪರವಾಗಿ ಲೈಸೆನ್ಸ್ ಇರುವ ಏಜೆಂಟ್ ಇರುತ್ತಾನೆ, ಫೋನ್ ಎತ್ತುತ್ತಾನೆ, ಕಾಗದಪತ್ರ ನೋಡುತ್ತಾನೆ. ಎರಡನೆಯದು ಫ್ಲಾಟ್ ಫೀ. ಕೆಲವು ನೂರು ಡಾಲರ್ ತೆಗೆದುಕೊಂಡು ಮನೆಯನ್ನು ಎಂಎಲ್‌ಎಸ್‌ಗೆ ಏರಿಸಿ ಕೈ ತೊಳೆದುಕೊಳ್ಳುವ ಪದ್ಧತಿ. ಮನೆ ತೋರಿಸುವುದು, ಚೌಕಾಸಿ, ದಾಖಲೆ ಎಲ್ಲವೂ ಮಾಲೀಕರ ಹೆಗಲಿಗೆ. ಏಜೆಂಟ್‌ಗಳು "ತಲೆನೋವು" ಎನ್ನುವುದು ನ್ಯಾಯವಾಗಿ ಈ ಎರಡನೆಯದಕ್ಕೆ ಮಾತ್ರ ಸಲ್ಲಬೇಕು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಮಾರುವವರು ತಮ್ಮ ಬ್ರೋಕರ್‌ಗೆ ಕೊಡುವ ಶುಲ್ಕ ಬೇರೆ, ಕೊಳ್ಳುವವರ ಏಜೆಂಟ್‌ಗೆ ಕೊಡಲು ಒಪ್ಪುವ ಮೊತ್ತ ಬೇರೆ. ತಮ್ಮ ಬ್ರೋಕರ್‌ಗೆ 1 ಪರ್ಸೆಂಟ್ ಕೊಟ್ಟು, ಎದುರಿನ ಏಜೆಂಟ್‌ಗೆ ಪೂರ್ತಿ 2.5 ಪರ್ಸೆಂಟ್ ಕೊಡುವ ಮಾಲೀಕರೂ ಇದ್ದಾರೆ. ಬೋರ್ಡಿನ ಮೇಲೆ ಅಗ್ಗದ ಕಂಪನಿಯ ಹೆಸರು ಕಂಡ ಮಾತ್ರಕ್ಕೆ ತನ್ನ ಪಾಲು ಕಡಿಮೆ ಎಂದು ಏಜೆಂಟ್ ಊಹಿಸಿಬಿಟ್ಟರೆ ಆ ಊಹೆಯೇ ತಪ್ಪಾಗಿರಬಹುದು.

ತೋರಿಸದಿದ್ದರೆ ಏನಾಗುತ್ತದೆ

ಏಜೆಂಟ್ ತನಗೆ ಹೆಚ್ಚು ಸಿಗುವ ಮನೆಗಳ ಕಡೆಗೆ ಗಿರಾಕಿಯನ್ನು ತಿರುಗಿಸುವುದಕ್ಕೆ ಅಲ್ಲಿನ ವ್ಯವಹಾರದಲ್ಲಿ ಸ್ಟೀರಿಂಗ್ ಎನ್ನುತ್ತಾರೆ. ಇದು ಬರೀ ಗುಮಾನಿಯಲ್ಲ. ಬಾರ್ವಿಕ್, ಪಾಠಕ್, ವಾಂಗ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬಾಸ್ಟನ್ ಸುತ್ತಮುತ್ತಲಿನ ಮಾರಾಟಗಳ ದಾಖಲೆ ಹಿಡಿದು ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕೊಳ್ಳುವವರ ಏಜೆಂಟ್‌ಗೆ ಕಡಿಮೆ ಕಮಿಷನ್ ಇಟ್ಟ ಮನೆಗಳು ಮಾರಾಟವಾಗುವ ಸಂಭವ 5 ಪರ್ಸೆಂಟ್ ಕಡಿಮೆ, ಮಾರಾಟಕ್ಕೆ ಹಿಡಿಯುವ ಸಮಯ 12 ಪರ್ಸೆಂಟ್ ಹೆಚ್ಚು ಎಂದು ಅದು ತೋರಿಸಿತು. ಮನೆಯ ಗುಣಕ್ಕೂ ಕಮಿಷನ್ನಿಗೂ ಸಂಬಂಧವಿಲ್ಲದಿರುವಾಗ ಈ ವ್ಯತ್ಯಾಸಕ್ಕೆ ಕಾರಣ ಏಜೆಂಟ್‌ಗಳ ನಡವಳಿಕೆಯಲ್ಲೇ ಇರಬೇಕು.

ಡೆಟ್ರಾಯಿಟ್ ಕಡೆಯ ರಿಯಲ್‌ಕಾಂಪ್ ಎಂಬ ಎಂಎಲ್‌ಎಸ್ ಇದನ್ನು ವ್ಯವಸ್ಥೆಯ ಮಟ್ಟದಲ್ಲೇ ಮಾಡಿತ್ತು. ಸೀಮಿತ ಸೇವೆಯ, ಅಗ್ಗದ ಲಿಸ್ಟಿಂಗ್‌ಗಳನ್ನು ಸಾರ್ವಜನಿಕ ವೆಬ್‌ಸೈಟ್‌ಗಳಿಗೆ ಹೋಗದಂತೆ ತಡೆದಿತ್ತು. ವ್ಯಾಪಾರದಲ್ಲಿ ಸ್ಪರ್ಧೆಯನ್ನು ಕಾಯುವ ಸರ್ಕಾರಿ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಅದನ್ನು ಸ್ಪರ್ಧೆಗೆ ವಿರುದ್ಧ ಎಂದಿತು. 2011ರಲ್ಲಿ ಆರನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು.

ಕಾನೂನಿನಲ್ಲಿ ಎರಡು ಪದರ ಇವೆ. ಹಲವು ಬ್ರೋಕರ್‌ಗಳು ಮಾತಾಡಿಕೊಂಡು "ಆ ಕಂಪನಿಯ ಮನೆಗಳನ್ನು ಯಾರೂ ತೋರಿಸುವುದು ಬೇಡ" ಎಂದು ನಿರ್ಧರಿಸಿದರೆ ಅದು ಒಟ್ಟಾಗಿ ಮಾಡಿದ ಬಹಿಷ್ಕಾರ, ಸ್ಪರ್ಧೆಗೆ ಅಡ್ಡಿಪಡಿಸುವುದನ್ನು ನಿಷೇಧಿಸುವ ಶರ್ಮನ್ ಕಾಯ್ದೆಯಡಿ ಗಂಭೀರ ವಿಷಯ. ವಾಟ್ಸಾಪ್ ಗುಂಪಿನಲ್ಲಿ ಏಜೆಂಟ್‌ಗಳು ತಮಾಷೆಗೆ ಹಾಕಿದ ಇಂಥ ಸಂದೇಶವೂ ಸಾಕ್ಷ್ಯವಾದೀತು. ಒಬ್ಬನೇ ಏಜೆಂಟ್ ತಾನಾಗಿ ತೋರಿಸದಿದ್ದರೆ ಆ ಕಾಯ್ದೆ ತಟ್ಟುವುದಿಲ್ಲ. ಆದರೆ ಗಿರಾಕಿಗೆ ನಿಷ್ಠನಾಗಿರಬೇಕು, ಮುಖ್ಯ ಸಂಗತಿಗಳನ್ನು ಮುಚ್ಚಿಡಬಾರದು ಎಂಬ ಏಜೆನ್ಸಿ ಕರ್ತವ್ಯ ಮುರಿದಂತಾಗುತ್ತದೆ. ರಿಯಾಲ್ಟರ್‌ಗಳ ರಾಷ್ಟ್ರೀಯ ಸಂಘವಾದ ಎನ್‌ಎಆರ್‌ನ ನೀತಿಸಂಹಿತೆಯ ಮೊದಲ ವಿಧಿಯೂ ಗಿರಾಕಿಯ ಹಿತವನ್ನೇ ಮುಂದಿಡುತ್ತದೆ. ಮೂರನೆಯ ವಿಧಿ ಇತರ ಬ್ರೋಕರ್‌ಗಳೊಂದಿಗೆ ಸಹಕರಿಸಿ ಎನ್ನುತ್ತದೆ. ಅದಕ್ಕಿರುವ ವಿನಾಯಿತಿ ಗಿರಾಕಿಯ ಹಿತಕ್ಕೆ ಧಕ್ಕೆ ಬರುವಾಗ ಮಾತ್ರ. ಏಜೆಂಟ್‌ನ ಜೇಬಿನ ಹಿತ ಅದರಲ್ಲಿ ಸೇರಿಲ್ಲ.

2024ರಲ್ಲಿ ಬದಲಾದದ್ದು

2023ರ ಅಕ್ಟೋಬರ್ 31ರಂದು ಮಿಸೌರಿಯ ಫೆಡರಲ್ ನ್ಯಾಯಾಲಯದಲ್ಲಿ ಜ್ಯೂರಿಯೊಂದು ಎನ್‌ಎಆರ್ ಹಾಗೂ ಕೆಲವು ದೊಡ್ಡ ಬ್ರೋಕರೇಜ್‌ಗಳ ವಿರುದ್ಧ ಸುಮಾರು 178 ಕೋಟಿ ಡಾಲರ್‌ಗಳ ತೀರ್ಪು ಕೊಟ್ಟಿತು. ಮನೆ ಮಾರಿದವರು ಹೂಡಿದ್ದ ಈ ದಾವೆಯನ್ನು ಸಿಟ್ಜರ್–ಬರ್ನೆಟ್ ಪ್ರಕರಣ ಎಂದು ಕರೆಯುತ್ತಾರೆ. 2024ರ ಮಾರ್ಚ್‌ನಲ್ಲಿ ಎನ್‌ಎಆರ್ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ರಾಜಿಯ ಶರತ್ತುಗಳು ಅದೇ ವರ್ಷ ಆಗಸ್ಟ್ 17ರಿಂದ ಜಾರಿಗೆ ಬಂದವು. ನಮ್ಮ ಪ್ರಶ್ನೆಗೆ ಬೇಕಾದವು ಇವು:

ಕೊಳ್ಳುವವರ ಏಜೆಂಟ್‌ಗೆ ಇಷ್ಟು ಕೊಡುತ್ತೇವೆ ಎಂದು ಎಂಎಲ್‌ಎಸ್‌ನಲ್ಲಿ ಹಾಕುವಂತಿಲ್ಲ. ಆ ಅಂಕಣವೇ ಹೋಯಿತು. ಮಾಲೀಕರು ಬೇರೆ ಕಡೆ ಪ್ರಕಟಿಸಬಹುದು, ಫೋನಿನಲ್ಲಿ ಹೇಳಬಹುದು, ಆಫರ್‌ನಲ್ಲಿ, ಅಂದರೆ ಕೊಳ್ಳುವವರು ಬೆಲೆ, ಶರತ್ತು ಬರೆದು ಕೊಡುವ ಪ್ರಸ್ತಾವದಲ್ಲಿ, ಚೌಕಾಸಿ ಮಾಡಬಹುದು.

ಎಂಎಲ್‌ಎಸ್ ಸದಸ್ಯ ಏಜೆಂಟ್ ಮನೆ ತೋರಿಸುವ ಮೊದಲೇ ಕೊಳ್ಳುವವರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ವಿಡಿಯೊ ಕರೆಯಲ್ಲಿ ನೇರವಾಗಿ ಮನೆ ಸುತ್ತಿಸಿದರೂ ಅದು ತೋರಿಸಿದಂತೆಯೇ. ಮಾಲೀಕರ ಏಜೆಂಟ್ ಎಲ್ಲರಿಗೂ ಬಾಗಿಲು ತೆರೆದು ನಡೆಸುವ ಓಪನ್ ಹೌಸ್‌ಗೆ ನೀವಾಗಿಯೇ ಹೋಗಿ ಬರಲು ಒಪ್ಪಂದ ಬೇಕಿಲ್ಲ. ಒಪ್ಪಂದದಲ್ಲಿ ಏಜೆಂಟ್‌ನ ಸಂಭಾವನೆ ಖಚಿತ ಅಂಕಿಯಲ್ಲಿರಬೇಕು: ಇಷ್ಟು ಪರ್ಸೆಂಟ್, ಇಷ್ಟು ಡಾಲರ್, ಗಂಟೆಗೆ ಇಷ್ಟು, ಅಥವಾ ಸೊನ್ನೆ. "ಮಾರುವವರು ಎಷ್ಟು ಕೊಡುತ್ತಾರೋ ಅಷ್ಟು" ಎಂದು ಬರೆಯುವಂತಿಲ್ಲ. ಒಪ್ಪಿದ್ದಕ್ಕಿಂತ ಹೆಚ್ಚು ಹಣವನ್ನು ಯಾರಿಂದಲೂ ಏಜೆಂಟ್ ಪಡೆಯುವಂತಿಲ್ಲ. ಕಮಿಷನ್ ಕಾನೂನು ನಿಗದಿ ಮಾಡಿದ್ದಲ್ಲ, ಚೌಕಾಸಿಗೆ ಮುಕ್ತ ಎಂಬ ಸಾಲು ಎದ್ದು ಕಾಣುವಂತೆ ಇರಬೇಕು.

ಇನ್ನು ಒಂದು ನಿಯಮ ಸುದ್ದಿಯಲ್ಲಿ ಅಷ್ಟಾಗಿ ಬರಲಿಲ್ಲ, ನಮಗೆ ಅದೇ ಮುಖ್ಯ. ಕಮಿಷನ್ ಇದೆಯೇ, ಎಷ್ಟಿದೆ ಎಂಬುದರ ಮೇಲಾಗಲಿ, ಲಿಸ್ಟಿಂಗ್ ಬ್ರೋಕರೇಜ್ ಅಥವಾ ಏಜೆಂಟ್‌ನ ಹೆಸರಿನ ಮೇಲಾಗಲಿ ಗಿರಾಕಿಗೆ ಕಳಿಸುವ ಪಟ್ಟಿಯನ್ನು ಸೋಸುವಂತಿಲ್ಲ. ಅಂದರೆ ಆರಂಭದಲ್ಲಿ ಹೇಳಿದ ಪ್ರಸಂಗದಲ್ಲಿ ಏಜೆಂಟ್ ಆ ಮನೆಯನ್ನು ಕಂಪನಿಯ ಹೆಸರು ನೋಡಿ ತೆಗೆದಿದ್ದರೆ ಅದು ಎಂಎಲ್‌ಎಸ್ ನಿಯಮದ ಉಲ್ಲಂಘನೆ.

ಹಣದ ಕೊರತೆ ತುಂಬುವ ಬಗೆ

ಈಗ ಲೆಕ್ಕಕ್ಕೆ ಬರೋಣ. ಮನೆಯ ಬೆಲೆ 6,00,000 ಡಾಲರ್. ನಿಮ್ಮ ಒಪ್ಪಂದದಲ್ಲಿ ಏಜೆಂಟ್‌ಗೆ 2.5 ಪರ್ಸೆಂಟ್, ಅಂದರೆ 15,000. ಮಾಲೀಕರು 1 ಪರ್ಸೆಂಟ್ ಮಾತ್ರ ಕೊಡುತ್ತಾರೆ, ಅಂದರೆ 6,000. ಉಳಿದ 9,000 ಎಲ್ಲಿಂದ?

ಏಜೆಂಟ್‌ನ ಕಡೆಯಿಂದ ನೋಡಿದರೆ ಅವನ ಹಿಂಜರಿಕೆ ಅರ್ಥವಾಗುತ್ತದೆ. 15,000ದಲ್ಲಿ 30 ಪರ್ಸೆಂಟ್ ಅವನ ಬ್ರೋಕರೇಜ್‌ಗೆ ಹೋಗುವುದಾದರೆ ಕೈಗೆ ಬರುವುದು 10,500. ಬರೀ 6,000 ಆದರೆ 4,200. ತೆರಿಗೆ, ಪೆಟ್ರೋಲು, ವಿಮೆ ಇನ್ನೂ ಕಳೆದಿಲ್ಲ. ಫ್ಲಾಟ್ ಫೀ ಮನೆಯಾದರೆ ಎದುರು ಕಡೆಯವರು ಮಾಡಬೇಕಾದ ಕೆಲಸವೂ ಇವನ ತಲೆಗೇ ಸುತ್ತಿಕೊಳ್ಳುತ್ತದೆ. ಆದರೆ ಇದಕ್ಕೆ ಪರಿಹಾರ ಒಪ್ಪಂದದಲ್ಲಿದೆ: ಮಾಲೀಕರು ಕೊಡದಿದ್ದರೆ ಕೊರತೆಯನ್ನು ಯಾರು ತುಂಬಬೇಕು ಎಂದು ಮೊದಲೇ ಬರೆದುಕೊಂಡರೆ ಮನೆಯನ್ನು ಬಚ್ಚಿಡುವ ಅಗತ್ಯವೇ ಬೀಳುವುದಿಲ್ಲ.

ಮೊದಲ ದಾರಿ, ಕೊಳ್ಳುವವರು ಕ್ಲೋಸಿಂಗ್ ದಿನ, ಅಂದರೆ ಮನೆ ಕೈಬದಲಾಗುವ ದಿನ, 9,000 ತಾವೇ ಕೊಡುವುದು. ಇದಕ್ಕೆ ನಗದು ಬೇಕು. ಸಾಮಾನ್ಯ ಗೃಹಸಾಲದಲ್ಲಿ ಏಜೆಂಟ್‌ನ ಶುಲ್ಕವನ್ನು ಪ್ರತ್ಯೇಕವಾಗಿ ಸೇರಿಸಿ ಸಾಲ ಪಡೆಯಲಾಗದು. 5 ಪರ್ಸೆಂಟ್ ಡೌನ್ ಪೇಮೆಂಟ್‌ಗೆ 30,000 ಹೊಂದಿಸಿ ಸುಸ್ತಾದವರಿಗೆ ಇದು ದೊಡ್ಡ ಹೊರೆ.

ಎರಡನೆಯದು, ಆಫರ್‌ನಲ್ಲೇ ಕೇಳುವುದು. ಬೆಲೆಯನ್ನು 6,09,000ಕ್ಕೆ ಏರಿಸಿ, ಏಜೆಂಟ್‌ನ ಪೂರ್ತಿ 2.5 ಪರ್ಸೆಂಟನ್ನು, ಅಂದರೆ 15,225 ಡಾಲರನ್ನು, ಮಾಲೀಕರೇ ಕೊಡಬೇಕು ಎಂದು ಬರೆಯುವುದು. ಮಾಲೀಕರಿಗೆ ಉಳಿಯುವುದು 5,93,775. ಹಳೆಯ ಲೆಕ್ಕದಲ್ಲಿ, ಅಂದರೆ 6,00,000ದಲ್ಲಿ 6,000 ಕಳೆದು, 5,94,000 ಉಳಿಯುತ್ತಿತ್ತು. ವ್ಯತ್ಯಾಸ ಬರೀ 225 ಡಾಲರ್. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಆಫರ್ ಜೊತೆ ಇಟ್ಟರೆ "ನಾನು ಒಂದು ಪರ್ಸೆಂಟ್ ಮೇಲೆ ಕೊಡೋದಿಲ್ಲ" ಎಂದು ಹಟ ಹಿಡಿದ ಮಾಲೀಕರೂ ಎಷ್ಟೋ ಸಲ ಮೆತ್ತಗಾಗುತ್ತಾರೆ. ಕೊಳ್ಳುವವರಿಗೆ ಆ 9,000ದಲ್ಲಿ 95 ಪರ್ಸೆಂಟ್, ಅಂದರೆ 8,550 ಡಾಲರ್, ಸಾಲಕ್ಕೆ ಸೇರುತ್ತದೆ. 6.5 ಪರ್ಸೆಂಟ್ ಬಡ್ಡಿ, 30 ವರ್ಷ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 54 ಡಾಲರ್ ಹೆಚ್ಚಿನ ಕಂತು.

ಇಲ್ಲಿ ಎಡವುವುದು ಅಪ್ರೈಸಲ್‌ನಲ್ಲಿ. ಬ್ಯಾಂಕಿನ ಮೌಲ್ಯಮಾಪಕ 6,00,000 ಎಂದೇ ಬರೆದರೆ ಏರಿಸಿದ 9,000ಕ್ಕೆ ಸಾಲ ಸಿಗುವುದಿಲ್ಲ, ಚೌಕಾಸಿ ಮತ್ತೆ ಮೊದಲಿನಿಂದ. ಇನ್ನೊಂದು ಅಪಾಯ ಪೈಪೋಟಿ. ಒಂದೇ ಮನೆಗೆ ಎರಡು ಆಫರ್ ಬಂದಿವೆ ಎನ್ನಿ. ಒಬ್ಬರು 6,05,000 ಬರೆದು 15,000 ಏಜೆಂಟ್‌ಗೆ ಕೊಡಿ ಎಂದರು, ಇನ್ನೊಬ್ಬರು 5,95,000 ಬರೆದು ಏನೂ ಕೇಳಲಿಲ್ಲ. ಕೈಗೆ ಬರುವ ಲೆಕ್ಕದಲ್ಲಿ ಎರಡನೆಯವರೇ 5,000 ಮೇಲು. ಅಗ್ಗದ ಬ್ರೋಕರೇಜ್ ಆರಿಸಿಕೊಂಡ ಮಾಲೀಕರು ಈ ಲೆಕ್ಕವನ್ನು ಇತರರಿಗಿಂತ ಬೇಗ ಹಾಕುತ್ತಾರೆ.

ಸಾಲ ಕೊಡುವವರನ್ನು ಮೊದಲೇ ಕೇಳಿಕೊಳ್ಳಬೇಕಾದ ಒಂದು ವಿಷಯವಿದೆ. ಮಾಲೀಕರು ಕೊಳ್ಳುವವರಿಗೆ ಬಿಟ್ಟುಕೊಡುವ ಹಣಕ್ಕೆ ಮಿತಿ ಉಂಟು. ಗೃಹಸಾಲಗಳನ್ನು ಬ್ಯಾಂಕುಗಳಿಂದ ಕೊಳ್ಳುವ ಸಂಸ್ಥೆಯಾದ ಫ್ಯಾನಿ ಮೇಯ ನಿಯಮದಲ್ಲಿ, ವಾಸದ ಮನೆಗೆ 10 ಪರ್ಸೆಂಟ್‌ಗಿಂತ ಕಡಿಮೆ ಡೌನ್ ಪೇಮೆಂಟ್ ಇದ್ದರೆ ಆ ಮಿತಿ 3 ಪರ್ಸೆಂಟ್. ವಾಡಿಕೆಯಂತೆ ಮಾಲೀಕರೇ ಏಜೆಂಟ್‌ಗೆ ಕೊಡುವ ಕಮಿಷನ್ ಈ ಮಿತಿಗೆ ಸೇರುವುದಿಲ್ಲ. ಆದರೆ ಅದೇ ಹಣವನ್ನು "ಕೊಳ್ಳುವವರಿಗೆ ರಿಯಾಯಿತಿ" ಎಂದು ಬರೆದರೆ ಸೇರಿಬಿಡಬಹುದು. ಆದ್ದರಿಂದ ಕರಾರಿನ ಒಕ್ಕಣೆ ಸರಿಯಿರಬೇಕು.

ಮೂರನೆಯ ದಾರಿ, ಏಜೆಂಟ್ ತನ್ನ ಶುಲ್ಕ ಇಳಿಸಿಕೊಳ್ಳುವುದು. ಇದು ಬಾಯಿಮಾತಿನಲ್ಲಿ ಮುಗಿಯಬಾರದು. ಒಪ್ಪಂದ ಏಜೆಂಟ್‌ನ ಬ್ರೋಕರೇಜ್ ಜೊತೆಗಿನದು, ಹಾಗಾಗಿ ತಿದ್ದುಪಡಿಗೆ ಬ್ರೋಕರ್‌ನ ಒಪ್ಪಿಗೆಯೂ ಬೇಕು.

ಫ್ಲಾಟ್ ಫೀ ಮನೆಯಲ್ಲಿ ಏನೇನು ಕೆಡುತ್ತದೆ

ತಲೆನೋವು ಎನ್ನುವ ಏಜೆಂಟ್‌ನ ಮಾತಿನಲ್ಲಿ ತಿರುಳಿರುವುದು ಇಲ್ಲಿ. ಮೊದಲನೆಯದು ಬೀಗ. ಏಜೆಂಟ್‌ಗಳು ತಮ್ಮ ಫೋನಿನಿಂದ ತೆರೆಯುವ ಎಲೆಕ್ಟ್ರಾನಿಕ್ ಲಾಕ್‌ಬಾಕ್ಸ್ ಇಂಥ ಮನೆಗಳಲ್ಲಿ ಹಲವು ಸಲ ಇರುವುದಿಲ್ಲ. ಮಾಲೀಕರೇ ಬಂದು ಬಾಗಿಲು ತೆರೆದು, ಕೋಣೆ ಕೋಣೆಗೂ ಹಿಂದೆಯೇ ಬರುತ್ತಾರೆ. ಆಗ ಕೊಳ್ಳುವವರು ಬಾಯಿ ಬಿಡದಿರುವುದೇ ಲೇಸು. "ತುಂಬಾ ಇಷ್ಟ ಆಯ್ತು, ಮುಂದಿನ ತಿಂಗಳೊಳಗೆ ಮನೆ ಬಿಡಲೇಬೇಕು" ಎಂದು ಅಡುಗೆಮನೆಯಲ್ಲಿ ಆಡಿದ ಮಾತು ಚೌಕಾಸಿಯಲ್ಲಿ ಸಾವಿರಾರು ಡಾಲರ್ ಕಳೆಯುತ್ತದೆ. ಕನ್ನಡದಲ್ಲಿ ಪಿಸುಗುಟ್ಟಿದರೆ ಸುರಕ್ಷಿತ ಎಂದುಕೊಳ್ಳಬೇಡಿ. ಮಾಲೀಕರಿಗೆ ಕನ್ನಡ ಬಾರದಿರಬಹುದು, ಆದರೆ ಮನೆಯಲ್ಲಿ ಮೈಕ್ ಇರುವ ಕ್ಯಾಮೆರಾ ಇರಬಹುದು.

ಎರಡನೆಯದು ಆಫರ್ ಯಾರ ಕೈಗೆ ಕೊಡಬೇಕು ಎಂಬುದು. ಎದುರು ಕಡೆ ಬ್ರೋಕರ್ ಇರುವಾಗ ಅವನನ್ನು ದಾಟಿ ಮಾಲೀಕರ ಜೊತೆ ನೇರ ಮಾತಾಡುವುದು ಏಜೆಂಟ್‌ಗೆ ನಿಷಿದ್ಧ. ಆ ಬ್ರೋಕರ್ ಒಪ್ಪಿಗೆ ಕೊಟ್ಟಿರಬೇಕು. ಎಂಎಲ್‌ಎಸ್‌ನ ಏಜೆಂಟ್ ಟಿಪ್ಪಣಿಯಲ್ಲಿ "ಮಾಲೀಕರನ್ನೇ ಸಂಪರ್ಕಿಸಿ" ಎಂದಿದ್ದರೂ ಒಂದು ಇಮೇಲ್ ಬರೆದು ಖಚಿತಪಡಿಸಿಕೊಳ್ಳುವುದು ಲೇಸು. ರಾಜ್ಯಕ್ಕೊಂದು ನಿಯಮ ಬೇರೆ. ಟೆಕ್ಸಸ್ 2005ರಲ್ಲಿ ಕನಿಷ್ಠ ಸೇವೆಯ ಕಾನೂನು ತಂದಿತು: ಬಂದ ಆಫರನ್ನು ಮಾಲೀಕರ ಮುಂದಿಡುವುದು, ಅವರ ಪ್ರಶ್ನೆಗೆ ಉತ್ತರಿಸುವುದು, ಮುಖ್ಯ ಮಾಹಿತಿ ತಿಳಿಸುವುದು ಲಿಸ್ಟಿಂಗ್ ಬ್ರೋಕರ್‌ನ ಕರ್ತವ್ಯ. "ಚೌಕಾಸಿ ನೀವೇ ಮಾಲೀಕರ ಹತ್ತಿರ ಮಾಡಿಕೊಳ್ಳಿ" ಎಂದು ಅಲ್ಲಿನ ಬ್ರೋಕರ್ ಜಾರಿಕೊಳ್ಳುವಂತಿಲ್ಲ.

ಮೂರನೆಯದೇ ಹೆಚ್ಚು ಅಪಾಯದ್ದು: ದಾಖಲೆ. ಮಾಲೀಕರು ಮನೆಯ ದೋಷಗಳನ್ನು ಬರೆದುಕೊಡುವ ಡಿಸ್‌ಕ್ಲೋಷರ್ ಫಾರಂ ಖಾಲಿ, ಎಚ್‌ಒಎ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘದ ಕಾಗದ ಇಲ್ಲ, 1978ಕ್ಕಿಂತ ಹಿಂದೆ ಕಟ್ಟಿದ ಮನೆಗೆ ಫೆಡರಲ್ ಕಾನೂನು ಕಡ್ಡಾಯ ಮಾಡಿರುವ ಸೀಸದ ಬಣ್ಣದ ತಿಳಿವಳಿಕೆ ಪತ್ರವೂ ಇಲ್ಲ. ಆ ಫಾರಂಗಳನ್ನು ತುಂಬಲು ಮಾಲೀಕರು ಸಹಜವಾಗಿಯೇ ನಿಮ್ಮ ಏಜೆಂಟ್‌ನ ನೆರವು ಕೇಳುತ್ತಾರೆ. ಅನುಭವಿ ಏಜೆಂಟ್ ಇಲ್ಲೇ ಎಚ್ಚರ ವಹಿಸುತ್ತಾನೆ. "ಇಲ್ಲಿ ಹೌದು ಅಂತ ಬರೀರಿ" ಎಂದು ಒಂದು ಸಲಹೆ ಕೊಟ್ಟರೂ ನಾಳೆ ಮಾಲೀಕರು "ಇವರು ನನ್ನ ಏಜೆಂಟೂ ಆಗಿದ್ದರು" ಎನ್ನಬಹುದು. ಹಾಗಾಗಿ ಮೊದಲ ಭೇಟಿಗೂ ಮುಂಚೆ "ನಾನು ಕೊಳ್ಳುವವರ ಪರ ಮಾತ್ರ" ಎಂಬ ಪತ್ರಕ್ಕೆ ಮಾಲೀಕರ ಸಹಿ ಪಡೆಯುವುದು, ಪ್ರಶ್ನೆ ಬಂದಾಗಲೆಲ್ಲ ಅವರ ಬ್ರೋಕರ್ ಅಥವಾ ವಕೀಲರ ಕಡೆಗೆ ಕಳಿಸುವುದು ಕ್ರಮ.

ಇದರ ಜೊತೆಗೆ ಕೌಂಟಿ ದಾಖಲೆಯಲ್ಲಿ ಮಾಲೀಕರ ಹೆಸರು ನೋಡಿಕೊಳ್ಳಬೇಕು. ಅರ್ನೆಸ್ಟ್ ಮನಿ, ಅಂದರೆ ನಮ್ಮ ಕಡೆಯ ಟೋಕನ್ ಅಡ್ವಾನ್ಸ್, ಟೈಟಲ್ ಕಂಪನಿ (ಮಾಲೀಕತ್ವದ ದಾಖಲೆ ಪರಿಶೀಲಿಸುವ ಕಂಪನಿ) ಅಥವಾ ಎಸ್ಕ್ರೋ (ಮಧ್ಯಸ್ಥರ ಕೈಯಲ್ಲಿರುವ) ಖಾತೆಗೇ ಹೋಗಬೇಕು, ಮಾಲೀಕರ ಕೈಗೆ ಎಂದೂ ಕೊಡಬಾರದು. ಹಣ ವರ್ಗಾಯಿಸುವ ಮುನ್ನ ಖಾತೆಯ ವಿವರವನ್ನು ನಾವೇ ಹುಡುಕಿದ ನಂಬರಿಗೆ ಫೋನ್ ಮಾಡಿ ಪರಿಶೀಲಿಸಬೇಕು. ಇಮೇಲ್ ನಕಲು ಮಾಡಿ ಖಾತೆ ಬದಲಿಸುವ ವಂಚನೆ ಯಾವ ಲಿಸ್ಟಿಂಗ್‌ನಲ್ಲೂ ನಡೆಯುತ್ತದೆ. ಇನ್‌ಸ್ಪೆಕ್ಷನ್, ಅಪ್ರೈಸಲ್, ಸಾಲ ಮಂಜೂರಾತಿಯ ಗಡುವುಗಳನ್ನು ಒಂದೇ ಹಾಳೆಯಲ್ಲಿ ಬರೆದು ಕೊಳ್ಳುವವರಿಗೂ ಮಾಲೀಕರಿಗೂ ಕಳಿಸುವುದು ಒಳ್ಳೆಯದು. ಎದುರು ಕಡೆ ನೆನಪಿಸುವವರು ಯಾರೂ ಇಲ್ಲ. ಮಾಲೀಕರು ಊರಿಗೆ ಹೋಗಿ ಮೌಲ್ಯಮಾಪಕನಿಗೆ ಬಾಗಿಲು ತೆರೆಯುವವರಿಲ್ಲದೆ ಗಡುವು ಜಾರಿದ ವ್ಯವಹಾರಗಳು ಅಪರೂಪವೇನಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಕೊಳ್ಳುವವರೇ "ಬೇಡಪ್ಪ, ಇಂಥ ಮನೆ ತೋರಿಸಬೇಡಿ" ಎನ್ನಬಹುದು. ಅದು ನ್ಯಾಯವಾದ ಕಾರಣ. ಏಜೆಂಟ್ ಅದನ್ನು ಇಮೇಲಿನಲ್ಲಿ ಪಡೆದಿಟ್ಟುಕೊಂಡರೆ ಆ ಮನೆಗಳನ್ನು ಬಿಡಬಹುದು. ನಿರ್ಧಾರ ಗಿರಾಕಿಯಿಂದ ಬಂದಿರಬೇಕು, ಪೂರ್ತಿ ಮಾಹಿತಿ ಸಿಕ್ಕ ಮೇಲೆ ಬಂದಿರಬೇಕು.

ಸಹಿ ಹಾಕುವ ಮುನ್ನ

ಕೊಳ್ಳುವವರು ಏಜೆಂಟ್‌ಗೆ ಮೊದಲ ದಿನವೇ ಕೇಳಬೇಕಾದ್ದು: ನಿಮ್ಮ ಎಂಎಲ್‌ಎಸ್ ಹುಡುಕಾಟದಲ್ಲಿ ಯಾವ ಸೋಸುವಿಕೆ ಇದೆ? ಮಾಲೀಕರು ಕಡಿಮೆ ಕೊಟ್ಟರೆ ಕೊರತೆ ನನ್ನ ಮೇಲೆ ಬೀಳುತ್ತದೆಯೇ, ಗರಿಷ್ಠ ಎಷ್ಟು? ಏಜೆಂಟ್ ಇಲ್ಲದೆ ಮಾಲೀಕರೇ ಮಾರುವ ಮನೆಗೂ ಈ ಒಪ್ಪಂದ ಅನ್ವಯಿಸುತ್ತದೆಯೇ? ನಾನಾಗಿ ಕಂಡುಕೊಂಡ ಮನೆಯ ವಿಳಾಸ ಕಳಿಸಿದರೆ ಎಷ್ಟು ದಿನದೊಳಗೆ ತೋರಿಸುತ್ತೀರಿ?

ಅವಧಿಯನ್ನೂ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಇಂಥ ಒಪ್ಪಂದ ಒಮ್ಮೆಗೆ 3 ತಿಂಗಳು ಮೀರುವಂತಿಲ್ಲ. ಬೇರೆ ರಾಜ್ಯಗಳಲ್ಲಿ 6 ತಿಂಗಳ, ವರ್ಷದ ಫಾರಂ ಮುಂದಿಟ್ಟರೆ 30 ದಿನಕ್ಕೆ ಅಥವಾ ಒಂದೇ ಮನೆಯ ಭೇಟಿಗೆ ಸೀಮಿತಗೊಳಿಸಿ ಎಂದು ಕೇಳಲು ಅಡ್ಡಿಯಿಲ್ಲ, ಕೊಡುವ ಬ್ರೋಕರೇಜ್‌ಗಳೂ ಇವೆ. ರದ್ದು ಮಾಡುವ ಷರತ್ತಿನ ಕೆಳಗೆ ಇನ್ನೊಂದು ಸಣ್ಣಕ್ಷರದ ಸಾಲು ಇರುತ್ತದೆ: ಒಪ್ಪಂದ ಮುಗಿದ ಮೇಲೂ ಇಂತಿಷ್ಟು ದಿನದೊಳಗೆ, ಏಜೆಂಟ್ ತೋರಿಸಿದ್ದ ಮನೆಯನ್ನೇ ಕೊಂಡರೆ ಶುಲ್ಕ ಕೊಡಬೇಕು ಎಂದು. ಆ ದಿನಗಳ ಸಂಖ್ಯೆ ನೋಡಿ, ಏಜೆಂಟ್ ನಿಜವಾಗಿ ತೋರಿಸಿದ ಮನೆಗಳ ವಿಳಾಸಗಳಿಗೆ ಮಾತ್ರ ಅದು ಅನ್ವಯ ಎಂದು ಬರೆಸಿಕೊಳ್ಳಿ. ತೋರಿಸಲು ಒಪ್ಪದ ಮನೆಯನ್ನು ನೀವು ನಂತರ ಬೇರೆಯವರ ಮೂಲಕ ಕೊಂಡಾಗ ಇಬ್ಬರು ಬ್ರೋಕರ್‌ಗಳು ಬಿಲ್ ಕಳಿಸುವ ಪರಿಸ್ಥಿತಿ ಬರದಂತೆ ತಡೆಯುವುದು ಈ ಸಾಲೇ.